ತೀವ್ರ ತಲೆಪೆಟ್ಟಿನ ಪ್ರಯೋಗದಲ್ಲಿ ಮುಖ್ಯ ಫಲಿತಾಂಶ ಯಾವುದಿರಬೇಕು?

ಸ್ನಾತಕೋತ್ತರ ವಿದ್ಯಾರ್ಥಿ, ಕಲಬುರಗಿ:
ಪ್ರಜ್ಞೆಯ ಮಟ್ಟವನ್ನು ಅಳೆಯುವ ಗ್ಲಾಸ್ಗೋ ಕೋಮಾ ಅಂಕ 8 ಅಥವಾ ಅದಕ್ಕಿಂತ ಕಡಿಮೆ ಇರುವ ರೋಗಿಗಳಲ್ಲಿ ಔಷಧವೊಂದನ್ನು ಪರೀಕ್ಷಿಸಲು ಕರಡು ಸಿದ್ಧಪಡಿಸುತ್ತಿದ್ದೇನೆ. ಮುಖ್ಯ ಫಲಿತಾಂಶವಾಗಿ ಸಾವನ್ನು ಇಟ್ಟುಕೊಳ್ಳಲೇ, ತಲೆಬುರುಡೆಯೊಳಗಿನ ಒತ್ತಡವನ್ನೇ, ಇಲ್ಲವೇ ಸಾವಿನಿಂದ ಒಳ್ಳೆಯ ಚೇತರಿಕೆಯವರೆಗೆ ರೋಗಿಯ ಸ್ಥಿತಿಯನ್ನು ಎಂಟು ಹಂತಗಳಲ್ಲಿ ಗುರುತಿಸುವ ವಿಸ್ತೃತ ಗ್ಲಾಸ್ಗೋ ಔಟ್‌ಕಮ್ ಸ್ಕೇಲನ್ನೇ? ಚಿಂಚೋಳಿ, ಅಫಜಲಪುರ ಕಡೆಯ ಕುಟುಂಬಗಳು ಡಿಸ್ಚಾರ್ಜ್ ಆದ ಮೇಲೆ ದುಡಿಯಲು ಪುಣೆಗೋ ಹೈದರಾಬಾದಿಗೋ ಹೋಗಿಬಿಡುವುದರಿಂದ, ಆರು ತಿಂಗಳ ನಂತರದ ಅಳತೆ ಕೈಗೆ ಸಿಗುವುದೇ ಎಂಬ ಅನುಮಾನವೂ ಇದೆ.

ನರಶಸ್ತ್ರಚಿಕಿತ್ಸಕ, ಬೀದರ್:
ಒತ್ತಡವನ್ನು ಮುಖ್ಯ ಫಲಿತಾಂಶ ಮಾಡಬೇಡಿ. 2011ರಲ್ಲಿ ಪ್ರಕಟವಾದ ಡೆಕ್ರಾ ಪ್ರಯೋಗದಲ್ಲಿ ಬುರುಡೆಯ ಮೂಳೆ ತೆಗೆದಾಗ ಒತ್ತಡವೇನೋ ಇಳಿಯಿತು, ಆದರೆ ಆರು ತಿಂಗಳಿಗೆ ಕೆಟ್ಟ ಫಲಿತಾಂಶ ಕಂಡವರು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ. 70, ಇನ್ನೊಂದರಲ್ಲಿ ಶೇ. 51. ದಾಖಲಾದಾಗ ಕಣ್ಣಪಾಪೆಯ ಸ್ಪಂದನೆಯಲ್ಲಿ ಗುಂಪುಗಳ ನಡುವೆ ಇದ್ದ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಈ ಅಂತರ ಮಸುಕಾಗುತ್ತದೆ, ನಿಜ. ಆದರೂ ಲಾಭವಂತೂ ಕಾಣಲಿಲ್ಲ.

ಸಾವೊಂದನ್ನೇ ಎಣಿಸಿದರೂ ಮೋಸಹೋಗುತ್ತೀರಿ. ಇದೇ ಶಸ್ತ್ರಚಿಕಿತ್ಸೆಯನ್ನು ಪರೀಕ್ಷಿಸಿದ 2016ರ ರೆಸ್ಕ್ಯೂ ಐಸಿಪಿ ಪ್ರಯೋಗದಲ್ಲಿ ಆರು ತಿಂಗಳಿಗೆ ಸಾವು ಶಸ್ತ್ರಚಿಕಿತ್ಸೆಯವರಲ್ಲಿ ಶೇ. 26.9, ಔಷಧೋಪಚಾರದವರಲ್ಲಿ ಶೇ. 48.9. ಆದರೆ ವೆಜಿಟೇಟಿವ್ ಸ್ಥಿತಿಯಲ್ಲಿ, ಅಂದರೆ ಕಣ್ಣು ತೆರೆದರೂ ಸುತ್ತಲಿನ ಅರಿವಿಲ್ಲದೆ, ಉಳಿದವರು ಕ್ರಮವಾಗಿ ಶೇ. 8.5 ಮತ್ತು ಶೇ. 2.1. ಬದುಕಿದವರು ಹೇಗೆ ಬದುಕಿದ್ದಾರೆ ಎಂಬುದನ್ನು ಕೇಳದ ಅಳತೆಗೆ ಈ ಎರಡನೆಯ ಸಾಲು ಕಾಣುವುದೇ ಇಲ್ಲ.

ಸಂಖ್ಯಾಶಾಸ್ತ್ರ ಬೋಧಕ, ಕಲಬುರಗಿ:
ಹಾಗಾದರೆ ಎಂಟು ಹಂತಗಳ ಸ್ಕೇಲೇ ಸರಿ. ಆದರೆ ಅದನ್ನು ‘ಒಳ್ಳೆಯದು, ಕೆಟ್ಟದ್ದು’ ಎಂದು ಎರಡೇ ಹೋಳು ಮಾಡುವ ಮುನ್ನ ಯೋಚಿಸಿ. ರೂಢಿಯಂತೆ ಗೆರೆಯನ್ನು ಮಧ್ಯಮ ಅಂಗವೈಕಲ್ಯದಲ್ಲಿ ಎಳೆದರೆ, ವೆಜಿಟೇಟಿವ್ ಸ್ಥಿತಿಯಿಂದ ತನ್ನ ಊಟ ಸ್ನಾನ ತಾನೇ ಮಾಡಿಕೊಂಡು ಹಗಲಿನಲ್ಲಿ ಎಂಟು ಗಂಟೆ ಮನೆಯಲ್ಲಿ ಒಬ್ಬರೇ ಇರಬಲ್ಲ ಮಟ್ಟಕ್ಕೆ ಬಂದವರೂ ‘ಕೆಟ್ಟದ್ದು’ ಎಂಬ ಪಟ್ಟಿಯಲ್ಲೇ ಉಳಿಯುತ್ತಾರೆ. ರೆಸ್ಕ್ಯೂ ಐಸಿಪಿಯವರು ಇದನ್ನು ಕಂಡೇ, ಮೊದಲೇ ನಿರ್ಧರಿಸಿದ್ದ ಒಂದು ವಿಶ್ಲೇಷಣೆಯಲ್ಲಿ ಗೆರೆಯನ್ನು ಆ ಮಟ್ಟಕ್ಕೆ ಇಳಿಸಿದ್ದರು. ನನ್ನ ಮತವೆಂದರೆ ಎಂಟು ಹಂತಗಳನ್ನೂ ಅವುಗಳ ಕ್ರಮದಲ್ಲೇ ಬಳಸುವ ಆರ್ಡಿನಲ್ ವಿಶ್ಲೇಷಣೆ ಮಾಡಿ, ಅಥವಾ ದಾಖಲಾದಾಗ ಎಷ್ಟು ಚೇತರಿಕೆ ನಿರೀಕ್ಷಿಸಬಹುದಿತ್ತೋ ಅದಕ್ಕೆ ತಕ್ಕಂತೆ ಪ್ರತಿ ರೋಗಿಯ ಗೆರೆಯನ್ನು ಸರಿಸಿ. ಯಾವುದೇ ಆಗಲಿ, ಮೊದಲ ರೋಗಿ ಸೇರುವ ಮುನ್ನವೇ ಬರೆದಿಡಿ.

ಫಿಸಿಯೋಥೆರಪಿಸ್ಟ್, ಯಾದಗಿರಿ:
ವಲಸೆಯ ವಿಷಯಕ್ಕೆ ಬಂದರೆ, ಈ ಸ್ಕೇಲಿಗಾಗಿ 1998ರಲ್ಲಿ ರೂಪಿಸಿದ, ಪ್ರಶ್ನೆಗಳು ಮೊದಲೇ ನಿಗದಿಯಾಗಿರುವ ಸಂದರ್ಶನವನ್ನು ಫೋನಿನಲ್ಲೂ ಮಾಡಬಹುದು. ಊರಲ್ಲೇ ಉಳಿಯುವ ಸಂಬಂಧಿಯೊಬ್ಬರ ನಂಬರನ್ನು ದಾಖಲಾತಿಯ ದಿನವೇ ಬರೆದುಕೊಳ್ಳಿ. ಪ್ರಶ್ನೆಗಳನ್ನು ಯಾಂತ್ರಿಕವಾಗಿ ಕನ್ನಡಿಸಬೇಡಿ: ‘ಒಬ್ಬರೇ ಅಂಗಡಿಗೆ ಹೋಗಿ ಸಾಮಾನು ತರುತ್ತಾರೆಯೇ’ ಎಂದು ಕೇಳಿದರೆ ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳ ಮನೆಯವರು ‘ಮೊದ್ಲೂ ಹೋಗ್ತಿರ್ಲಿಲ್ರೀ’ ಎನ್ನುತ್ತಾರೆ. ಪೆಟ್ಟು ಬೀಳುವ ಮುಂಚಿನ ಸ್ಥಿತಿಯನ್ನು ಕೇಳುವ ಪ್ರಶ್ನೆ ಆ ಸಂದರ್ಶನದಲ್ಲೇ ಇದೆ, ಅದನ್ನು ಹಾರಿಸಬಾರದು. ಫೋನ್ ಮಾಡುವವರಿಗೆ ರೋಗಿ ಯಾವ ಗುಂಪಿನವರೆಂದು ತಿಳಿದಿರಬಾರದು. ವಾರ್ಡಿನ ಸಿಬ್ಬಂದಿಯಿಂದಲೇ ಕರೆ ಮಾಡಿಸಿದರೆ ಅದು ಸಾಧ್ಯವಾಗುವುದಿಲ್ಲ.