ಹೊನ್ನಾವರ, ಅಘನಾಶಿನಿ ನೋಡಿದವರು ಸ್ವಲ್ಪ ಹೇಳಿ

ಕೇಳಿದವರು: ಡಿಸೆಂಬರ್‌ನಲ್ಲಿ ಎರಡು ದಿನ ಹೋಗುತ್ತಿದ್ದೇವೆ. ಅಮ್ಮನಿಗೆ ಮಂಡಿನೋವು, ಇಬ್ಬರು ಮಕ್ಕಳು. ಕಾಸರಕೋಡು ಬೀಚ್, ಕಾಂಡ್ಲಾ (ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್) ಕಾಡಿನ ನಡಿಗೆದಾರಿ, ಅಘನಾಶಿನಿ ನದಿ ಕಡಲು ಸೇರುವ ಅಳಿವೆ ಮೂರೂ ಆಗುತ್ತಾ?

ದಾವಣಗೆರೆ ಅಕ್ಕ: ನಮಗೆ ಆಗಿದ್ದು ಕೇಳಿ. ಶರಾವತಿ ಅಳಿವೆಯಲ್ಲಿ ದೋಣಿಗೆ 1,500 ರೂಪಾಯಿ ಮೊದಲೇ ಎಣಿಸಿಕೊಂಡರು. ಇಳಿತ ಶುರುವಾಗಿದೆ, ಕಡಲ ನೀರು ಇಳಿಯುತ್ತಿದೆ ಅಂತ ಒಬ್ಬರೂ ಹೇಳಲಿಲ್ಲ. ಕಾಂಡ್ಲಾ ಮಧ್ಯೆ ದೋಣಿ ಕೆಸರಿಗೆ ಕೂತಿತು. ಎರಡು ಗಂಟೆ ಬಿಸಿಲು. ನೀರಿನ ಬಾಟಲಿ ಖಾಲಿ. ಮಗ ಕಾಲು ಇಳಿಸಿದ, 600ರ ಚಪ್ಪಲಿ ಕೆಸರಲ್ಲೇ ಹೋಯಿತು. ಸುತ್ತ ಪೆನ್ಸಿಲ್ ನೆಟ್ಟ ಹಾಗೆ ಕೆಸರಿಂದ ಮೇಲೆದ್ದ ಕಾಂಡ್ಲಾ ಮರದ ಉಸಿರುಬೇರು, ಅದರ ಮೇಲೆ ಕುಪ್ಪಳಿಸುವ ಮೀನು. ಅಳುತ್ತಿದ್ದ ಮಗಳು ಅದನ್ನು ನೋಡಿ ಸುಮ್ಮನಾದಳು. ಮರುದಿನ ಅದೇ ಹೊತ್ತಿಗೆ ಹೋದೆವು. ಭರತ, ಅಂದರೆ ನೀರು ಏರುವ ಹೊತ್ತು, ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ, ಹೊತ್ತು ಒಂದೇ ಆದರೂ ನೀರಿನ ಮಟ್ಟ ಬೇರೆ ಅಂತ ಆಮೇಲೆ ಗೊತ್ತಾಯಿತು.

ಹುಬ್ಬಳ್ಳಿ ಅಪ್ಪ: ದೋಣಿ ಯಾಕೆ ಬೇಕಿತ್ತು? ನಡಿಗೆದಾರಿ ಹಲಗೆಯದು, ನಮ್ಮ ತಾಯಿಯೇ ನಡೆದರು. ನಾನು ಆಮೆ ನೋಡಲೆಂದು ರಾತ್ರಿ ದಡಕ್ಕೆ ಹೋಗಿದ್ದೆ. ಕಾವಲಿನವರು ಟಾರ್ಚ್ ಆರಿಸಿ ಅಂದರು. ರೂಮಿಗೆ 3,200 ಕೊಟ್ಟು ಬಂದಿದ್ದೆ, ಸಿಟ್ಟು ಬಂತು. ಆದರೂ ಆರಿಸಿದೆ. ಮೊಟ್ಟೆಯ ಗುಂಡಿಗೆ ಬಲೆ ಕಟ್ಟಿದ್ದನ್ನು ಬೆಳಿಗ್ಗೆ ತೋರಿಸಿದರು.

ಕುಮಟಾದವಳು: ರಾತ್ರಿ ಹೋಗಿದ್ದೇ ತಪ್ಪು! ಬೆಳಕು ಕಂಡರೆ ಕಡಲಾಮೆ ಮೊಟ್ಟೆ ಇಡದೆ ತಿರುಗಿ ಹೋಗುತ್ತದೆ. ಕಾಸರಕೋಡಿಗೆ 2020ರಲ್ಲಿ ಸ್ವಚ್ಛ ಬೀಚ್ ಅನ್ನುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು, ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಜನ ಜಾಸ್ತಿಯಾದರು. ನಮ್ಮಮ್ಮ ಸೊಂಟದವರೆಗಿನ ನೀರಲ್ಲಿ ನಿಂತು ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕಿ ನನ್ನನ್ನು ಓದಿಸಿದ್ದು. ಈಗ ಪ್ರವಾಸಿಗರು ಮರಿಬಳಚನ್ನೂ ಬಕೆಟ್‌ಗೆ ತುಂಬುತ್ತಾರೆ.

ಹುಬ್ಬಳ್ಳಿ ಅಪ್ಪ: ಟಾರ್ಚ್ ಆರಿಸಿದೆ ಅಂದೆನಲ್ಲ? ಬಳಚು ನಾನು ಮುಟ್ಟಿಲ್ಲ. ಊರವರೂ ಚಿಕ್ಕದನ್ನು ಹಿಡಿಯುತ್ತಾರೆ, ಅದನ್ನೂ ಹೇಳಿ.

ಕುಮಟಾದವಳು: ಹೊಟ್ಟೆಪಾಡೂ ಮೋಜೂ ಒಂದೇನಾ? ಅಘನಾಶಿನಿ ನದಿಗೆ ಅಣೆಕಟ್ಟೆ ಇಲ್ಲ. ಸಿಹಿನೀರು ತಡೆಯಿಲ್ಲದೆ ಬಂದು ಉಪ್ಪಿಗೆ ಬೆರೆಯುವುದರಿಂದಲೇ ಇಲ್ಲಿ ಇಷ್ಟು ಬಳಚು.

ದಾವಣಗೆರೆ ಅಕ್ಕ: ಜಗಳ ಬಿಡಿ. ಕಗ್ಗ ಅಕ್ಕಿ ಅಂತ ನನಗೆ ಕಿಲೋಗೆ 180 ಹಾಕಿದರು. ಮೋಸ ಅಲ್ವಾ?

ಕುಮಟಾದವಳು: ಮೋಸ ಅನ್ನಬೇಡಿ ಅಕ್ಕಾ. ಗಜನಿ, ಅಂದರೆ ಅಳಿವೆ ಪಕ್ಕದ ತಗ್ಗಿನ ಗದ್ದೆಯಲ್ಲಿ ಉಪ್ಪುನೀರು ತಡೆದುಕೊಂಡು ಬೆಳೆಯುವ ಭತ್ತ ಅದು. ಗದ್ದೆಗೆ ಕಡಲ ನೀರು ನುಗ್ಗದಂತೆ ಹಾಕಿದ ಕಟ್ಟೆ ಒಡೆದ ವರ್ಷ ನಮ್ಮ ಮನೆಗೆ ಒಂದು ಮೂಟೆಯೂ ಬರಲಿಲ್ಲ.