ಸಹಾಯ ಬೇಕು: ಉಪ್ಪುನೀರಿನಿಂದ ಕ್ಲೋರಿನ್ ದ್ರಾವಣ ತಯಾರಿಸುವ ಯಂತ್ರಕ್ಕೆ ಯಾವ ಸಂಯೋಜಕ (ಉಪ್ಪುನೀರಿಗೆ ಬೆರೆಸುವ ರಾಸಾಯನಿಕ) ಸೂಕ್ತ?

ಮಾನ್ಯರೇ,

ಪುಣೆಯ ಕೋಥ್ರೂಡ್‌ನಲ್ಲಿರುವ ನಮ್ಮ ಸೊಸೈಟಿಯಲ್ಲಿ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರನ್ನು ಶುದ್ಧೀಕರಿಸಲು ಸುಮಾರು ಶೇ. 3ರ ಉಪ್ಪುನೀರಿನಲ್ಲಿ ವಿದ್ಯುತ್ ಹರಿಸಿ ಸೋಡಿಯಂ ಹೈಪೋಕ್ಲೋರೈಟ್ (ಕ್ಲೋರಿನ್ ದ್ರಾವಣ) ತಯಾರಿಸುವ ಸಣ್ಣ ಯಂತ್ರವನ್ನು ಬಳಸುತ್ತಿದ್ದೇವೆ. ಮೊದಲು ದ್ರಾವಣದ ಸಾಂದ್ರತೆ ಶೇ. 0.8ರಷ್ಟಿತ್ತು, ಈಗ ಅಷ್ಟೇ ಉಪ್ಪು, ಅಷ್ಟೇ ವಿದ್ಯುತ್ತಿಗೆ ಶೇ. 0.5 ದಾಟುತ್ತಿಲ್ಲ.

ಕಳೆದ ಭಾನುವಾರ ಉಪ್ಪುನೀರಿನಲ್ಲಿ ವಿದ್ಯುತ್ ಹರಿಯುವ ಭಾಗವಾದ ಸೆಲ್ ಬಿಚ್ಚಿದಾಗ ಕ್ಯಾಥೋಡಿನ (ಋಣ ವಿದ್ಯುದ್ವಾರದ) ಮೇಲೆ ಉಗುರಿನಿಂದ ಕೆರೆದರೆ ಸುಣ್ಣದಂತೆ ಉದುರುವ ಬಿಳಿ ಪದರ ಕಂಡಿತು. ಅದು ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಎಂಬುದು ಸ್ಪಷ್ಟ. ಸೆಲ್ ಅನ್ನು ನೀರಿನಿಂದ ಚೆನ್ನಾಗಿ ತೊಳೆದು, ಹೈಪೋಕ್ಲೋರೈಟ್ ಉಳಿದಿಲ್ಲವೆಂದು ಖಚಿತಪಡಿಸಿಕೊಂಡ ನಂತರವೇ ತೆಳು ಹೈಡ್ರೋಕ್ಲೋರಿಕ್ ಆಮ್ಲದಿಂದ ಸ್ವಚ್ಛಗೊಳಿಸಿದೆವು, ಏಕೆಂದರೆ ಇವೆರಡೂ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ.

ಕ್ಲೋರೇಟ್ ಕಾರ್ಖಾನೆಗಳಲ್ಲಿ ಹೈಪೋಕ್ಲೋರೈಟ್ ಕ್ಯಾಥೋಡಿನಲ್ಲಿ ಮರಳಿ ಕ್ಲೋರೈಡ್ ಆಗದಂತೆ ಡೈಕ್ರೋಮೇಟ್ ಸೇರಿಸುತ್ತಾರೆ. ಆದರೆ ಅದರಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕವಾದ್ದರಿಂದ ಮಕ್ಕಳು ಕುಡಿಯುವ ನೀರಿಗೆ ಅದನ್ನು ನಾನು ಖಂಡಿತ ಒಪ್ಪಲಾರೆ. ಸೆಲ್ ಬಿಸಿಯಾದಷ್ಟೂ ಬೇಡದ ಕ್ಲೋರೇಟ್ ಹೆಚ್ಚುತ್ತದೆ ಎಂಬ ಆತಂಕವೂ ಇದೆ. ಕುಡಿಯುವ ನೀರಿನಲ್ಲಿನ ಕ್ಲೋರೇಟ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮೌಲ್ಯ ಲೀಟರಿಗೆ 0.7 ಮಿಲಿಗ್ರಾಂ.

ಬಿಳಿ ಪದರ ಕಟ್ಟದಂತೆ ಉಪ್ಪುನೀರಿಗೆ ಆಹಾರ ದರ್ಜೆಯ ಪಾಲಿಫಾಸ್ಫೇಟ್ ಸೇರಿಸುವುದು ಸರಿಯೇ, ಅಥವಾ ಸಂಯೋಜಕದ ಗೊಡವೆಯೇ ಬೇಡವೆಂದು ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್ ಅಳವಡಿಸಿ ಅಯೋಡಿನ್‌ರಹಿತ ಶುದ್ಧ ಉಪ್ಪು ಬಳಸುವುದು ಮೇಲೇ? ಇಂತಹ ಯಂತ್ರವನ್ನು ಸ್ವತಃ ನಡೆಸಿದವರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.