ಜೂನ್‌ನಲ್ಲಿ ಅಸರ್ (ಅಪರಾಹ್ನದ ನಮಾಝ್) ಸಮಯ 48 ನಿಮಿಷ ಮೊದಲೇ ಬರುತ್ತಿದೆ: ನನ್ನ ಲೆಕ್ಕ ಎಲ್ಲಿ ತಪ್ಪಿದೆ?

ಪ್ರಶ್ನೆ: ಉಳ್ಳಾಲದ ಓದುಗ

ಎಲ್ಲರಿಗೂ ಸಲಾಂ ಮತ್ತು ನಮಸ್ಕಾರ. ನಮ್ಮ ಮಸೀದಿಯ ಗೋಡೆಯ ಮೇಲಿನ ನಮಾಝ್ ವೇಳಾಪಟ್ಟಿಯನ್ನು ಚಿಕ್ಕಂದಿನಿಂದ ನೋಡುತ್ತ ಬಂದಿದ್ದೇನೆ. ಅದರ ನಿಮಿಷಗಳು ಎಲ್ಲಿಂದ ಬರುತ್ತವೆ ಎಂಬುದನ್ನು ಸ್ವತಃ ಲೆಕ್ಕ ಹಾಕಿ ತಿಳಿಯಬೇಕೆಂಬ ಆಸೆಯಿಂದ ಎರಡು ತಿಂಗಳಿಂದ ಎಕ್ಸೆಲ್‌ನಲ್ಲಿ ಒಂದು ಪಟ್ಟಿ ತಯಾರಿಸುತ್ತಿದ್ದೇನೆ. ಮಂಗಳೂರಿಗೆ ಉತ್ತರ ಅಕ್ಷಾಂಶ 12.87 ಡಿಗ್ರಿ, ಪೂರ್ವ ರೇಖಾಂಶ 74.85 ಡಿಗ್ರಿ ಎಂದು ಇಟ್ಟುಕೊಂಡಿದ್ದೇನೆ.

ನಡುಹಗಲಿನ ಲೆಕ್ಕ ಸರಿಯಾಗಿದೆ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ನಾವು ಅದಕ್ಕಿಂತ 7.65 ಡಿಗ್ರಿ ಪಶ್ಚಿಮಕ್ಕಿರುವುದರಿಂದ, ಡಿಗ್ರಿಗೆ 4 ನಿಮಿಷದಂತೆ, ಸೂರ್ಯ ನಮ್ಮ ಮಧ್ಯಾಹ್ನರೇಖೆಗೆ ಬರುವುದು ಸರಾಸರಿ 12 ಗಂಟೆ 30 ನಿಮಿಷ 36 ಸೆಕೆಂಡಿಗೆ. ಭೂಮಿಯ ಕಕ್ಷೆ ದೀರ್ಘವೃತ್ತವಾಗಿರುವುದರಿಂದಲೂ ಅದರ ಅಕ್ಷ ವಾಲಿರುವುದರಿಂದಲೂ ಬರುವ ಕಾಲ ಸಮೀಕರಣದ, ಅಂದರೆ ಸೂರ್ಯನ ಸಮಯಕ್ಕೂ ಗಡಿಯಾರಕ್ಕೂ ಇರುವ ವ್ಯತ್ಯಾಸದ, ತಿದ್ದುಪಡಿಯನ್ನು ಸೇರಿಸಿದರೆ ಅದು ನವೆಂಬರ್ ಮೊದಲ ವಾರದಲ್ಲಿ 12.14ಕ್ಕೆ ಹಿಂದೆ ಸರಿಯುತ್ತದೆ, ಫೆಬ್ರವರಿ ಎರಡನೆಯ ವಾರದಲ್ಲಿ 12.45ರವರೆಗೆ ಮುಂದೆ ಹೋಗುತ್ತದೆ. ಸೂರ್ಯಾಸ್ತದ ನಮಾಝ್ ಆದ ಮಗ್ರಿಬ್‌ಗೆ ಸೂರ್ಯನ ಕೇಂದ್ರವು ದಿಗಂತದಿಂದ 50 ಕಲೆ, ಅಂದರೆ 0.833 ಡಿಗ್ರಿ, ಕೆಳಗಿಳಿದ ಹೊತ್ತನ್ನು ಹಿಡಿದಿದ್ದೇನೆ. ಅದರಲ್ಲಿ 34 ಕಲೆ ಗಾಳಿಯಲ್ಲಿ ಬೆಳಕು ಬಾಗುವುದಕ್ಕೆ, 16 ಕಲೆ ಸೂರ್ಯಬಿಂಬದ ಅರ್ಧ ಅಗಲಕ್ಕೆ. ಇದೂ ಮಸೀದಿಯ ಪಟ್ಟಿಗೆ ಹೊಂದುತ್ತದೆ.

ತೊಡಕಿರುವುದು ಅಸರ್‌ನಲ್ಲಿ. ಸೆಪ್ಟೆಂಬರ್‌ನಿಂದ ಏಪ್ರಿಲ್ ಮಧ್ಯದವರೆಗೆ ನನ್ನ ಉತ್ತರಕ್ಕೂ ಪಟ್ಟಿಗೂ ಒಂದು ನಿಮಿಷಕ್ಕಿಂತ ಹೆಚ್ಚು ಅಂತರವಿಲ್ಲ. ಆದರೆ ಏಪ್ರಿಲ್ ಕೊನೆಯ ವಾರದಿಂದ ನನ್ನ ಸಮಯ ದಿನದಿಂದ ದಿನಕ್ಕೆ ಮೊದಲಾಗುತ್ತ ಹೋಗಿ, ಜೂನ್ 21ರಂದು 3.12 ಎಂದು ತೋರಿಸುತ್ತದೆ. ಮಸೀದಿಯ ಪಟ್ಟಿಯಲ್ಲಿರುವುದು 4 ಗಂಟೆ. ಆಗಸ್ಟ್ ಮೂರನೆಯ ವಾರದ ಹೊತ್ತಿಗೆ ಎಲ್ಲವೂ ತಾನಾಗಿ ಸರಿಹೋಗುತ್ತದೆ. ಸೂತ್ರವನ್ನು ಹತ್ತು ಬಾರಿ ನೋಡಿದರೂ ತಪ್ಪು ಸಿಗಲಿಲ್ಲ. ಇದರ ಜೊತೆಗೆ, ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮನೆಯ ಬಳಿಯ ಮಸೀದಿಯಲ್ಲಿ ಅಸರ್ ನಮಗಿಂತ ಸುಮಾರು ಒಂದು ಗಂಟೆ ತಡ. ಅಲ್ಲಿ ಸೂರ್ಯ ನಮಗಿಂತ ಮೊದಲು ಪಶ್ಚಿಮಕ್ಕೆ ವಾಲುತ್ತಾನಲ್ಲವೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ಗಣಿತ ಶಿಕ್ಷಕ

ನಿಮ್ಮ ಲೆಕ್ಕ ಕೆಡುವ ದಿನವೂ ಸರಿಹೋಗುವ ದಿನವೂ ತಪ್ಪು ಎಲ್ಲಿದೆ ಎಂಬುದನ್ನು ತಾವೇ ಹೇಳುತ್ತಿವೆ. ಮಂಗಳೂರಿನ ಅಕ್ಷಾಂಶದಲ್ಲಿ ಸೂರ್ಯ ನಡುಹಗಲಲ್ಲಿ ನೇರ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡೇ ಸಲ, ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ. ಪತ್ರಿಕೆಗಳಲ್ಲಿ ಶೂನ್ಯ ನೆರಳಿನ ದಿನ ಎಂದು ಓದಿರುತ್ತೀರಿ. ಈ ಎರಡು ದಿನಗಳ ನಡುವೆ ಸೂರ್ಯ ನಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ ಹೋಗಿರುತ್ತಾನೆ.

ಅಸರ್‌ನ ವ್ಯಾಖ್ಯೆ ನೆರಳಿನದು. ಪಂಚಾಂಗದವರು ಶಂಕು ಎಂದು ಕರೆಯುವ ಲಂಬವಾದ ಕೋಲಿಗೆ ನಡುಹಗಲಲ್ಲಿ ಇದ್ದಷ್ಟು ನೆರಳಿನ ಮೇಲೆ ಕೋಲಿನ ಉದ್ದದಷ್ಟು ನೆರಳು ಹೆಚ್ಚಾಗಿ ಬೆಳೆದಾಗ ಇಸ್ಲಾಮಿನ ನ್ಯಾಯಪಂಥಗಳಲ್ಲಿ ಒಂದಾದ ಶಾಫಿ ಮದ್ಹಬ್‌ನಂತೆ ಅಸರ್ ಆರಂಭವಾಗುತ್ತದೆ. ಕೋಲಿನ ಉದ್ದವನ್ನು ಒಂದು ಎಂದಿಟ್ಟುಕೊಂಡರೆ ನಡುಹಗಲ ನೆರಳು ಅಕ್ಷಾಂಶದಿಂದ ಸೂರ್ಯನ ಕ್ರಾಂತಿಯನ್ನು, ಅಂದರೆ ಸಮಭಾಜಕ ವೃತ್ತದಿಂದ ಅವನು ಎಷ್ಟು ಡಿಗ್ರಿ ಉತ್ತರಕ್ಕಿದ್ದಾನೆ ಎಂಬುದನ್ನು, ಕಳೆದ ಕೋನದ ಟ್ಯಾಂಜೆಂಟ್. ಮಾರ್ಚ್ 21ರಂದು ಕ್ರಾಂತಿ ಸೊನ್ನೆಯಾದ್ದರಿಂದ ಮಂಗಳೂರಿನಲ್ಲಿ ಒಂದು ಮೀಟರ್ ಕೋಲಿನ ನೆರಳು 23 ಸೆಂಟಿಮೀಟರ್. ಅದು 123 ಸೆಂಟಿಮೀಟರ್ ಆದಾಗ, ಅಂದರೆ ಸುಮಾರು 3.57ಕ್ಕೆ, ಅಸರ್.

ಜೂನ್ 21ರಂದು ಕ್ರಾಂತಿ 23.44 ಡಿಗ್ರಿ. ಕಳೆದಾಗ ಬರುವುದು ಋಣ 10.57, ಅದರ ಟ್ಯಾಂಜೆಂಟ್ ಋಣ 0.187. ನಿಮ್ಮ ಎಕ್ಸೆಲ್ ಅದನ್ನು ಒಂದರಿಂದ ಕಳೆದು 0.813ರಷ್ಟು ನೆರಳಿಗೇ ಅಸರ್ ಎಂದುಬಿಟ್ಟಿದೆ. ನೆರಳು ಉತ್ತರಕ್ಕೆ ಬಿದ್ದರೂ ದಕ್ಷಿಣಕ್ಕೆ ಬಿದ್ದರೂ ಅದರ ಉದ್ದ ಉದ್ದವೇ. ಆದ್ದರಿಂದ ಋಣ ಚಿಹ್ನೆಯನ್ನು ತೆಗೆದು 1.187 ಎಂದು ಹಿಡಿಯಬೇಕು. ಆಗ ಸೂರ್ಯನ ಎತ್ತರ 50.87 ಡಿಗ್ರಿಯ ಬದಲು 40.12 ಡಿಗ್ರಿಯಾಗುತ್ತದೆ, ನಡುಹಗಲಿನಿಂದ ಅಸರ್‌ಗೆ ಇರುವ ಅಂತರ 2 ಗಂಟೆ 39 ನಿಮಿಷದ ಬದಲು 3 ಗಂಟೆ 26 ನಿಮಿಷವಾಗುತ್ತದೆ. ಸೂತ್ರದಲ್ಲಿ ವ್ಯತ್ಯಾಸದ ಸುತ್ತ ಋಣ ಚಿಹ್ನೆಯನ್ನು ತೆಗೆಯುವ ಎಬಿಎಸ್ (ABS) ಎಂಬ ಫಂಕ್ಷನ್ ಸೇರಿಸಿದರೆ ಸಾಕು.

ಈ ತಪ್ಪು ಡಮಾಸ್ಕಸ್‌ನಲ್ಲೋ ಕೈರೋದಲ್ಲೋ ಎಂದಿಗೂ ಬಯಲಾಗುವುದಿಲ್ಲ, ಏಕೆಂದರೆ ಕರ್ಕಾಟಕ ಸಂಕ್ರಾಂತಿ ವೃತ್ತದ ಉತ್ತರಕ್ಕಿರುವ ಊರುಗಳಲ್ಲಿ ನಡುಹಗಲ ನೆರಳು ವರ್ಷವಿಡೀ ಉತ್ತರಕ್ಕೇ ಬೀಳುತ್ತದೆ. ಡಮಾಸ್ಕಸ್‌ನ ಉಮಯ್ಯದ್ ಮಸೀದಿಯಲ್ಲಿ ನಮಾಝ್ ಸಮಯ ನಿಗದಿಪಡಿಸುವ ಮುವಕ್ಕಿತ್ ಆಗಿದ್ದ ಖಗೋಳಜ್ಞ ಇಬ್ನ್ ಅಲ್ ಶಾತಿರ್ 1371ರಲ್ಲಿ ಅಲ್ಲಿನ ಮಿನಾರಿಗಾಗಿ ಮಾಡಿದ ನೆರಳುಗಡಿಯಾರಕ್ಕೆ ಈ ಚಿಂತೆ ಇರಲಿಲ್ಲ. ಮಕ್ಕಾ ಮಾತ್ರ ನಮ್ಮ ಹಾಗೆಯೇ ಉಷ್ಣವಲಯದ ಊರು. ಮೇ 28 ಮತ್ತು ಜುಲೈ 16ರ ಸುಮಾರಿಗೆ ಸೂರ್ಯ ಕಾಬಾದ ನೆತ್ತಿಯ ಮೇಲೆ ಬರುತ್ತಾನೆ; ನಮ್ಮ ಗಡಿಯಾರದಲ್ಲಿ ಆಗ ಕ್ರಮವಾಗಿ 2.48 ಮತ್ತು 2.57. ಆ ಗಳಿಗೆಯಲ್ಲಿ ಉಳ್ಳಾಲದಲ್ಲಿ ನಿಂತು ಸೂರ್ಯನತ್ತ ಮುಖ ಮಾಡಿದರೆ ಅದೇ ಕಿಬ್ಲಾ, ಅಂದರೆ ನಮಾಝ್‌ಗೆ ಮುಖ ಮಾಡುವ ದಿಕ್ಕು.

ಉತ್ತರ: ಬೆಂಗಳೂರಿನಿಂದ

ನಿಮ್ಮ ಅಕ್ಕನ ಊರಿನ ವಿಚಾರವನ್ನು ನಾನು ಹೇಳುತ್ತೇನೆ. ಬೆಂಗಳೂರು ನಿಮಗಿಂತ 2.74 ಡಿಗ್ರಿ ಪೂರ್ವಕ್ಕಿರುವುದರಿಂದ ಇಲ್ಲಿ ನಡುಹಗಲು 11 ನಿಮಿಷ ಮೊದಲು ಎಂಬ ನಿಮ್ಮ ಊಹೆ ಸರಿಯೇ. ಆದರೆ ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಶಾಫಿಗಳು, ಘಟ್ಟದ ಮೇಲಿನ ನಮ್ಮಲ್ಲಿ ಹೆಚ್ಚಿನವರು ಇನ್ನೊಂದು ಮದ್ಹಬ್ ಆದ ಹನಫಿಯವರು. ಆ ಮದ್ಹಬ್‌ನ ಮೂಲಪುರುಷ ಇಮಾಂ ಅಬೂ ಹನೀಫಾ ಅವರ ಪ್ರಸಿದ್ಧ ಅಭಿಪ್ರಾಯದಂತೆ ಸಾಯಾ ಅಸ್ಲಿ, ಅಂದರೆ ನಡುಹಗಲ ಮೂಲ ನೆರಳನ್ನು ಬಿಟ್ಟು, ನೆರಳು ವಸ್ತುವಿನ ಎರಡರಷ್ಟಾದಾಗ ಅಸರ್ ಆರಂಭ. ಅವರದೇ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಅಶ್ಶೈಬಾನಿ ಒಂದರಷ್ಟೇ ಸಾಕೆಂದವರು. ಜೂನ್ 21ರಂದು ಬೆಂಗಳೂರಿನಲ್ಲಿ ಶಾಫಿ ಲೆಕ್ಕದ ಅಸರ್ 3.48ಕ್ಕೆ, ಹನಫಿ ಲೆಕ್ಕದ್ದು 4.56ಕ್ಕೆ. ಆ 68 ನಿಮಿಷದಲ್ಲಿ ರೇಖಾಂಶದ 11 ನಿಮಿಷ ಕಳೆದರೆ ನಿಮಗೆ ಕಾಣುತ್ತಿರುವ ಒಂದು ಗಂಟೆಯ ಅಂತರ ಸಿಗುತ್ತದೆ.

ಮುಂಜಾನೆಯ ನಮಾಝ್ ಆದ ಫಜ್ರ್ ಲೆಕ್ಕಕ್ಕೆ ಇಳಿದಾಗ ಇನ್ನಷ್ಟು ಎಚ್ಚರ ಬೇಕು. ಅಲ್ಲಿ ನೆರಳಿಲ್ಲ, ಪೂರ್ವದಲ್ಲಿ ದಿಗಂತದುದ್ದಕ್ಕೆ ಅಡ್ಡಲಾಗಿ ಹರಡುವ ಬಿಳುಪನ್ನು ಗುರುತಿಸಬೇಕು. ಅದಕ್ಕೂ ಮೊದಲು ಲಂಬವಾಗಿ ಕಂಬದಂತೆ ಏಳುವ ಮಂದ ಬೆಳಕು ಸುಳ್ಳು ಅರುಣೋದಯ. ಆ ಬಿಳುಪು ಮೂಡುವಾಗ ಸೂರ್ಯ ದಿಗಂತದಿಂದ ಎಷ್ಟು ಕೆಳಗಿರುತ್ತಾನೆ ಎಂಬುದರಲ್ಲೇ ಮತಭೇದವಿದೆ. ಕರಾಚಿಯ ಇಸ್ಲಾಮಿಕ್ ವಿಜ್ಞಾನಗಳ ವಿಶ್ವವಿದ್ಯಾಲಯದ ಕ್ರಮದಲ್ಲಿ 18 ಡಿಗ್ರಿ, ಈಜಿಪ್ಟ್‌ನ ಕ್ರಮದಲ್ಲಿ 19.5, ಉತ್ತರ ಅಮೆರಿಕದಲ್ಲಿ ಬಹುಕಾಲ ಬಳಸಿದ ಕ್ರಮದಲ್ಲಿ 15. ಮಂಗಳೂರಿನಲ್ಲಿ 18ಕ್ಕೂ 15ಕ್ಕೂ ನಡುವೆ ಕಾಲಮಾನಕ್ಕೆ ತಕ್ಕಂತೆ 12ರಿಂದ 14 ನಿಮಿಷದ ಅಂತರ ಬೀಳುತ್ತದೆ. ರಮಝಾನ್‌ನಲ್ಲಿ ಸಹರಿ, ಅಂದರೆ ಉಪವಾಸಕ್ಕೆ ಮುಂಚಿನ ಊಟ, ಮುಗಿಸುವವರಿಗೆ ಇದು ಸಣ್ಣ ಮಾತಲ್ಲ. ಮೊಬೈಲ್ ಆ್ಯಪ್ ಹಾಕಿಕೊಂಡವರು ಅದರ ಸೆಟ್ಟಿಂಗ್‌ನಲ್ಲಿ ಯಾವ ಕ್ರಮ ಆಯ್ಕೆಯಾಗಿದೆ ಎಂಬುದನ್ನು ಒಮ್ಮೆಯಾದರೂ ತೆರೆದು ನೋಡಲೇಬೇಕೆಂಬುದು ನನ್ನ ಕಳಕಳಿ.

ಮಗ್ರಿಬ್‌ಗೆ ನೀವು ಸಮುದ್ರಮಟ್ಟ ಹಿಡಿದಿದ್ದೀರಿ, ಉಳ್ಳಾಲಕ್ಕೆ ಅದು ಸರಿ. ಎತ್ತರದಲ್ಲಿರುವವರಿಗೆ ದಿಗಂತ ಕೆಳಗಿಳಿಯುತ್ತದೆ. ದುಬೈನ ಬುರ್ಜ್ ಖಲೀಫಾದಲ್ಲಿ 80ನೆಯ ಮಹಡಿಯಿಂದ ಮೇಲಿನವರು ಎರಡು ನಿಮಿಷ, 150ರಿಂದ ಮೇಲಿನವರು ಮೂರು ನಿಮಿಷ ತಡವಾಗಿ ಇಫ್ತಾರ್ ಮಾಡಬೇಕೆಂದು ಅಲ್ಲಿನ ಧಾರ್ಮಿಕ ಇಲಾಖೆ 2011ರಲ್ಲಿ ತಿಳಿಸಿತ್ತು.

ಉತ್ತರ: ಲಂಡನ್‌ನಲ್ಲಿರುವ ಪುತ್ತೂರಿನವ

ಇಲ್ಲಿ ಜೂನ್‌ನಲ್ಲಿ ಫಜ್ರ್‌ಗೂ ರಾತ್ರಿಯ ನಮಾಝ್ ಆದ ಇಶಾಗೂ ಸೂತ್ರವೇ ಉತ್ತರ ಕೊಡುವುದಿಲ್ಲ ಎಂಬುದನ್ನೂ ಸೇರಿಸುತ್ತೇನೆ. ಲಂಡನ್ 51.5 ಡಿಗ್ರಿ ಅಕ್ಷಾಂಶದಲ್ಲಿದೆ. ಜೂನ್ 21ರ ನಡುರಾತ್ರಿಯಲ್ಲೂ ಸೂರ್ಯ ದಿಗಂತದಿಂದ 15 ಡಿಗ್ರಿಯಷ್ಟೇ ಕೆಳಗಿಳಿಯುವುದರಿಂದ 18 ಡಿಗ್ರಿಯನ್ನು ಹಾಕಿದರೆ ಎಕ್ಸೆಲ್ ದೋಷ ತೋರಿಸುತ್ತದೆ. ಉತ್ತರದ ಆಕಾಶದಲ್ಲಿ ಬೆಳಕಿನ ಅಂಚು ರಾತ್ರಿಯಿಡೀ ಉಳಿದಿರುವುದನ್ನು ನಮ್ಮ ಮನೆಯ ಹಿಂದಿನ ಕಿಟಕಿಯಿಂದಲೇ ನೋಡುತ್ತೇನೆ. ಅಂಥ ದಿನಗಳಲ್ಲಿ ಸೂರ್ಯಾಸ್ತದಿಂದ ಸೂರ್ಯೋದಯದವರೆಗಿನ ರಾತ್ರಿಯನ್ನು ಏಳು ಪಾಲು ಮಾಡಿ, ಮೊದಲ ಪಾಲು ಮುಗಿದಾಗ ಇಶಾ, ಕೊನೆಯ ಪಾಲು ಶುರುವಾದಾಗ ಫಜ್ರ್ ಎಂದು ಹಿಡಿಯುವುದು ಒಂದು ಕ್ರಮ. ಸಂಜೆ 9.21ಕ್ಕೆ ಮುಳುಗಿ ಬೆಳಗ್ಗೆ 4.43ಕ್ಕೆ ಹುಟ್ಟುವ ಸೂರ್ಯನಿಗೆ ಇಶಾ 10.24, ಫಜ್ರ್ 3.40. ಬೇರೆ ಕ್ರಮಗಳೂ ಇರುವುದರಿಂದ ಅಕ್ಕಪಕ್ಕದ ಎರಡು ಮಸೀದಿಗಳ ಪಟ್ಟಿ ಬೇರೆಯಾಗುವುದು ಇಲ್ಲಿ ಸಾಮಾನ್ಯ.

ಉಳ್ಳಾಲದ ಓದುಗ

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಮೇಷ್ಟ್ರೇ, ನೀವು ಹೇಳಿದ ಫಂಕ್ಷನ್ ಸೇರಿಸಿದ ಕೂಡಲೇ ಜೂನ್ 21ರ ಉತ್ತರ 3.59ಕ್ಕೆ ಬಂತು. ಉಳಿದ ಒಂದು ನಿಮಿಷ ಮುನ್ನೆಚ್ಚರಿಕೆಗಾಗಿ ಸೇರಿಸಿದ್ದೆಂದು ಮಸೀದಿಯ ಉಸ್ತಾದರು ತಿಳಿಸಿದರು.

ಮಳೆಯಿಂದಾಗಿ ನಾಲ್ಕು ದಿನ ಸೂರ್ಯನ ಮುಖವನ್ನೇ ಕಂಡಿರಲಿಲ್ಲ. ಇಂದು ಮಧ್ಯಾಹ್ನ ಅರ್ಧ ಗಂಟೆ ಬಿಸಿಲು ಬಿದ್ದಾಗ ಅಂಗಳದಲ್ಲಿ ಒಂದು ಮೀಟರ್ ಉದ್ದದ ಪಿವಿಸಿ ಪೈಪನ್ನು ತೂಗುಗುಂಡು ಹಿಡಿದು ನೇರವಾಗಿ ನಿಲ್ಲಿಸಿದೆ. 12.33ಕ್ಕೆ ನೆರಳು ಬಾವಿಕಟ್ಟೆಯ ಕಡೆಗೆ, ಅಂದರೆ ದಕ್ಷಿಣಕ್ಕೆ ಬಿದ್ದಿತ್ತು. ಟೇಪಿನಲ್ಲಿ ಅಳೆದರೆ 18 ಸೆಂಟಿಮೀಟರಿಗಿಂತ ತುಸು ಹೆಚ್ಚು. ಇಷ್ಟು ವರ್ಷ ಇದೇ ಅಂಗಳದಲ್ಲಿ ಓಡಾಡಿದರೂ ಮಳೆಗಾಲದಲ್ಲಿ ನೆರಳು ಆ ಕಡೆ ತಿರುಗುತ್ತದೆಂಬುದನ್ನು ನಾನು ಗಮನಿಸಿರಲಿಲ್ಲ. ಅಸರ್ ಹೊತ್ತಿಗೆ ಮತ್ತೆ ಮೋಡ ಮುಚ್ಚಿದ್ದರಿಂದ 118 ಸೆಂಟಿಮೀಟರನ್ನು ಅಳೆಯಲಾಗಲಿಲ್ಲ. ಆಗಸ್ಟ್ 18ರಂದು ಬಿಸಿಲಿದ್ದರೆ 12.34ಕ್ಕೆ ಅದೇ ಪೈಪನ್ನು ಅದೇ ಜಾಗದಲ್ಲಿ ನಿಲ್ಲಿಸಿ, ಅಳತೆಯನ್ನು ಇಲ್ಲಿ ಬರೆಯುತ್ತೇನೆ.